ಏಳು ಮನೆಯ ಹಿಡಿ ಅಕ್ಕಿ

"ಗಂಟು ಬಿಚ್ಚೇ ಮುಂಡೆ. ಆ ಎಡಸೊಂಟದ್ದು."

ಶಾಲೆಯ ಅಡುಗೆಯವಳು ಮಾರ್ತಮ್ಮ ಒಂದು ಕಾಲನ್ನು ಗೇಟಿನೊಳಗೆ, ಇನ್ನೊಂದನ್ನು ಹೊರಗೆ ಇಟ್ಟ ಹಾಗೆಯೇ ನಿಂತಳು. ಬೆಳಿಗ್ಗೆ ಎಂಟೂವರೆ ಆಗಿತ್ತು. ಮಕ್ಕಳು ಅಂಗಳದಲ್ಲಿ ಪ್ರಾರ್ಥನೆಗೆ ಸಾಲು ಕಟ್ಟುತ್ತಿದ್ದರು. ಮಾತಾಡಿದವನು ವೀರರಾಘವಯ್ಯ, ಬೈಕಿನಿಂದ ಇನ್ನೂ ಇಳಿದಿರಲಿಲ್ಲ. ಅವನು ಶಾಲಾ ಸಮಿತಿಯ ಅಧ್ಯಕ್ಷ. ಕಾಲುವೆಯ ಆಚೆ ದಡದ ಗದ್ದೆಯಲ್ಲಿ ಅರ್ಧ ಅವನದು. ಶಾಲೆಯ ಮಧ್ಯಾಹ್ನದ ಊಟಕ್ಕೆ ಬರುವ ಸರ್ಕಾರಿ ಅಕ್ಕಿ ಮೊದಲು ಅವನ ಗೋದಾಮಿನಲ್ಲಿ ಇಳಿದು, ಎರಡು ದಿನ ಮಲಗಿ, ಆಮೇಲೆ ಶಾಲೆಗೆ ಬರುತ್ತಿತ್ತು.

ಹೆಡ್‌ಮಾಸ್ಟರ್ ಸತ್ಯಪ್ರಸಾದ ರಾವ್ ಪಕ್ಕದಲ್ಲಿ ನಿಂತು ನೆಲ ನೋಡುತ್ತಿದ್ದರು. ಅವರ ಕೈಯಲ್ಲಿ ಹಳೆಯ ಪ್ರಶ್ನೆಪತ್ರಿಕೆಯೊಂದು ಮಡಿಸದೆ ಸಿದ್ಧವಾಗಿತ್ತು. ಅದನ್ನು ನೋಡಿದಾಗಲೇ ಮಾರ್ತಮ್ಮನಿಗೆ ಇದು ಹೊಂಚು ಹಾಕಿ ಹಿಡಿದದ್ದು ಎಂದು ಗೊತ್ತಾಯಿತು.

ಅವಳು ಸೆರಗಿನ ಗಂಟು ಬಿಚ್ಚಿದಳು. ಅಕ್ಕಿ ಕಾಗದದ ಮೇಲೆ ಸುರಿಯಿತು. ಒಂದೇ ಬಗೆಯ ಅಕ್ಕಿಯಲ್ಲ ಅದು. ರೇಷನ್ ಕಾರ್ಡಿನ ದಪ್ಪ ಅಕ್ಕಿ, ಗದ್ದೆಯಲ್ಲಿ ಆಯ್ದ ತೆನೆಯನ್ನು ಮನೆಯಲ್ಲೇ ಕುಟ್ಟಿದ ಕೆಂಪು ಅಕ್ಕಿ, ನುಚ್ಚು ಎಲ್ಲ ಬೆರೆತಿದ್ದವು. ಸಾಲಿನಲ್ಲಿದ್ದ ಮಕ್ಕಳು ಒಬ್ಬೊಬ್ಬರಾಗಿ ಇತ್ತ ತಿರುಗಿದರು.

ವೀರರಾಘವಯ್ಯ ಈಗ ಬೈಕಿನಿಂದ ಇಳಿದ. ಒಂದು ಚಿಟಿಕೆ ತೆಗೆದು ಮೂಸಿದ. ಎರಡು ಕಾಳು ಬಾಯಿಗೆ ಹಾಕಿ ಅಗಿದು, ಮಾರ್ತಮ್ಮನ ಕಾಲಿನ ಪಕ್ಕಕ್ಕೆ ಉಗಿದ.

"ಏಳು ಮನೆ ಅಕ್ಕಿ ಅಲ್ವೇನೇ ಇದು? ಏಳು ಮನೇದು ಕಲೆಸಿ, ಅದರ ಮೇಲೆ ಅದೇನೋ ಗೊಣಗಿ, ನಮ್ಮ ಮಕ್ಕಳ ಹೊಟ್ಟೆಗೆ ಹಾಕ್ತಿದೀಯ."

ಮಕ್ಕಳಿಗೆ ಸಾಲುತ್ತಿರಲಿಲ್ಲ, ಅದಕ್ಕೆ ತರುತ್ತಿದ್ದೆ ಎಂದು ಮಾರ್ತಮ್ಮ ಹೇಳಿದಳು. ಧ್ವನಿ ಅವಳಿಗೇ ಕೇಳಿಸದಷ್ಟು ಸಣ್ಣಗಿತ್ತು.

"ಸರ್ಕಾರ ಕೊಟ್ಟಿದ್ದು ಸಾಲದೆ ನಿನ್ನ ಗುಡಿಸಲಿಂದ ತರ್ತೀಯಾ? ಯಾರಿಗೆ ಹೇಳ್ತೀಯ ಈ ಕತೇನ? ಕದ್ದು ಹೊರಗೆ ಒಯ್ದಿದ್ರೆ ನಾನೇ ಬಿಟ್ಟುಬಿಡ್ತಿದ್ದೆ ಕಣೇ, ಹೊಟ್ಟೆಪಾಡು ಅಂತ. ಒಳಗೆ ತರೋಳನ್ನ ಹ್ಯಾಗೆ ನಂಬೋದು?"

ಹೆಡ್‌ಮಾಸ್ಟರ್ ಕಾಗದವನ್ನು ಪೊಟ್ಟಣ ಕಟ್ಟಿ, ಮೇಲೆ ತಾರೀಖು ಬರೆದು, ಕಪಾಟಿನಲ್ಲಿ ಇಡಲು ಒಳಗೆ ಹೋದರು. ಹೋಗುವ ಮುಂಚೆ ಎರಡು ಮಾತು ಹೇಳಿದರು. ನಾಳೆ ಮಂಡಲದ ಶಿಕ್ಷಣ ಕಚೇರಿಯಿಂದ ಅಧಿಕಾರಿ ವಿಚಾರಣೆಗೆ ಬರುತ್ತಾರೆ. ಅಲ್ಲಿಯವರೆಗೆ ಮಾರ್ತಮ್ಮ ಬಾಯಿ ಮುಚ್ಚಿಕೊಂಡು ಅಡುಗೆ ಮಾಡಬೇಕು. ಅವಳ ತುಟಿ ಅಲ್ಲಾಡಿದರೆ ಜೊತೆಗೆ ಅಡುಗೆ ಮಾಡುವ ಕೋಟಮ್ಮ ಬಂದು ಹೇಳಬೇಕು.

ಅಷ್ಟರಲ್ಲಿ ಗಂಟೆ ಹೊಡೆಯಿತು. ಮಕ್ಕಳೂ ಮೇಷ್ಟರುಗಳೂ ವೀರರಾಘವಯ್ಯನೂ ಕೈ ಜೋಡಿಸಿ, ಕಣ್ಣು ಮುಚ್ಚಿ, ಶಾಲೆಯ ಪ್ರಾರ್ಥನೆ ಹಾಡಿದರು. ಮಾರ್ತಮ್ಮ ತುಟಿ ಬಿಗಿಹಿಡಿದು ಅಡುಗೆಮನೆಯ ಕಡೆಗೆ ನಡೆದಳು.

ಶಾಲೆಯ ಪುಸ್ತಕದಲ್ಲಿ ಅವಳ ಹೆಸರು ಗದ್ದಲ ನಾಗರತ್ನಂ, ಗದ್ದಲ ಎಂಬುದು ಮನೆತನ. ಜಾತಿಯ ಕಾಗದದಲ್ಲೂ ಅದೇ. ಅವಳ ಕೇರಿಯಾದ ಪಲ್ಲೆಯಲ್ಲಿ ಹಾಗೆ ಕರೆದರೆ ಅವಳು ತಿರುಗಿಯೂ ನೋಡುವುದಿಲ್ಲ. ಕಾಲುವೆಯ ಈಚೆ ದಡದ ಆ ನಲವತ್ತು ಗುಡಿಸಲುಗಳಲ್ಲಿ ಎಲ್ಲರಿಗೂ ಹೀಗೆ ಎರಡು ಹೆಸರು. ಒಂದು ದೇವರಿಗೆ, ಒಂದು ಸರ್ಕಾರಕ್ಕೆ. ದೇವರ ಹೆಸರು ಸರ್ಕಾರದ ಕಾಗದದ ಮೇಲೆ ಬಿದ್ದ ದಿನ, ಇವರು ಕ್ರೈಸ್ತರು ಎಂದು, ಜಾತಿಯ ಕಾಗದ ರದ್ದು. ಅದರ ಜೊತೆಗೆ ಕೆಲಸ, ಮಕ್ಕಳ ಹಾಸ್ಟೆಲು, ಮನೆಯ ನಿವೇಶನ ಎಲ್ಲ ಹೋಗುತ್ತದೆ. ಊರಿನವರಿಗೆ ಇದು ಗೊತ್ತಿಲ್ಲದ ಗುಟ್ಟಲ್ಲ. ಬೇಕಾದಾಗ ತೆಗೆದು ತೋರಿಸಲು ಇಟ್ಟುಕೊಂಡ ಗುಟ್ಟು.

ಕೋಟಮ್ಮ ಒಲೆಯ ಎದುರು ಬಕೆಟ್ಟು ಮಗುಚಿ ಹಾಕಿಕೊಂಡು ಕೂತಳು. ಅವಳು ಊರ ಅಂಚಿನ ಕುಂಬಾರರ ಮನೆಯವಳು. ಗಂಡ ಸತ್ತ ಮೇಲೆ ಈ ಕೆಲಸಕ್ಕೆ ಬಂದಳು. ಮಾರ್ತಮ್ಮನಿಗಿಂತ ಹದಿನೈದು ವರ್ಷ ಚಿಕ್ಕವಳು.

"ನಿನ್ನ ತುಟಿ ನೋಡ್ಬೇಕಂತೆ ನಾನು. ಒಂಬತ್ತು ವರ್ಷ ನಿನ್ನ ಮೂತಿ ನೋಡಿದ್ದು ಸಾಲದು ಅಂತ."

ಮಾರ್ತಮ್ಮ ಅಕ್ಕಿ ತೊಳೆಯುತ್ತಿದ್ದಳು.

"ಏನಾದ್ರೂ ಮಾತಾಡೇ ಅಕ್ಕ. ಸುಮ್ಮನಿದ್ರೆ ಒಳಗೊಳಗೇ ಹೇಳ್ಕೊಂತಿದೀಯೇನೋ ಅನ್ಸುತ್ತೆ. ಅದನ್ನೂ ಹೇಳ್ಬೇಕಾ ಅವರಿಗೆ, ನನಗೇನು ಗೊತ್ತು?"

"ಮಾತಾಡಿದ್ರೆ ತುಟಿ ಅಲ್ಲಾಡುತ್ತಲ್ಲ."

ಕೋಟಮ್ಮ ನಕ್ಕಳು. ನಕ್ಕು, ಹೊರಗೆ ಯಾರಾದರೂ ಇದ್ದಾರೆಯೇ ಎಂದು ಬಗ್ಗಿ ನೋಡಿದಳು. ಆಮೇಲೆ ತಾನಾಗಿಯೇ, ಅವರಿಗೆ ಹೇಳಿದ್ದು ನಾನಲ್ಲ ಎಂದಳು. ನಾನು ಕೇಳಲಿಲ್ಲವಲ್ಲ ಎಂದಳು ಮಾರ್ತಮ್ಮ.

"ಕೇಳ್ಲಿಲ್ಲ. ಆದ್ರೆ ಬೆಳಿಗ್ಗೆಯಿಂದ ನನ್ನ ಕಡೆ ಬೆನ್ನು ಹಾಕ್ಕೊಂಡೇ ಒಲೆ ಊದ್ತಿದೀಯ."

ಅದು ನಿಜವಾಗಿತ್ತು.

ಪಲ್ಲೆಯ ಹೆಂಗಸರು ಅಕ್ಕಿ ಅಳೆದ ಮೇಲೆ ಒಂದು ಹಿಡಿಯನ್ನು ಹಿಂದಕ್ಕೆ ತೆಗೆಯುತ್ತಾರೆ. ತೊಳೆಯುವ ಮುಂಚೆ, ಒಲೆ ಹಚ್ಚುವ ಮುಂಚೆ, ಆ ಹಿಡಿ ಗೋಡೆಯ ಗೂಡಿನಲ್ಲಿರುವ ಸಣ್ಣ ಮಡಕೆಗೆ ಹೋಗುತ್ತದೆ. ಅದು ದೇವರ ಮಡಕೆ. ಭಾನುವಾರ ಅದನ್ನು ಪ್ರಾರ್ಥನಾ ಮಂದಿರಕ್ಕೆ ಒಯ್ದು ಸುರಿಯುತ್ತಾರೆ. ಪಾಸ್ಟರ ಮನೆಯ ಒಲೆ ಉರಿಯುವುದು ಅದರಿಂದ. ಉಳಿದರೆ ಹಾಸಿಗೆ ಹಿಡಿದವರಿಗೆ, ದಿಕ್ಕಿಲ್ಲದವರಿಗೆ. ಮಾರ್ತಮ್ಮನ ತಾಯಿ, ಮನೆಯಲ್ಲಿ ಎರಡೇ ಹಿಡಿ ಇದ್ದ ದಿನವೂ ಒಂದನ್ನು ಮಡಕೆಗೆ ಹಾಕಿದ್ದವಳು. ಹಾಗಾಗಿ ಅದು ಯೋಚಿಸಿ ಮಾಡುವ ಕೆಲಸವಾಗಿರಲಿಲ್ಲ. ಕೈ ತಾನೇ ಮಾಡುತ್ತಿತ್ತು. ಶಾಲೆಯಲ್ಲಿ ಕೆಲಸಕ್ಕೆ ಸೇರಿದ ಮೊದಲ ದಿನ ಸರ್ಕಾರದ ಅಕ್ಕಿಯಿಂದಲೂ ಅವಳ ಕೈ ಒಂದು ಹಿಡಿ ತೆಗೆದು ಕಿಟಕಿಯ ಕಟ್ಟೆಯ ಮೇಲೆ ಇಟ್ಟುಬಿಟ್ಟಿತ್ತು. ನೋಡಿಕೊಂಡು, ಬೆವರಿ, ಯಾರೂ ಕಾಣುವ ಮೊದಲು ಹಂಡೆಗೆ ಹಾಕಿದ್ದಳು. ಇದು ನನ್ನ ಮನೆಯದಲ್ಲ ತಂದೆ, ಕ್ಷಮಿಸು ಎಂದಿದ್ದಳು.

ಹಂಡೆಯ ಒಳಮೈಯಲ್ಲಿ ಸುತ್ತ ಒಂದು ಗೀರು ಇದೆ. ಅನ್ನ ಅರಳಿ ಆ ಗೀರು ಮುಟ್ಟಿದರೆ ನೂರಾ ಹದಿನಾಲ್ಕು ಮಕ್ಕಳಿಗೂ ಸರಿಹೋಗುತ್ತದೆ. ಏಳು ವರ್ಷ ಮುಟ್ಟಿತು. ಎರಡು ವರ್ಷದ ಹಿಂದೆ, ವೀರರಾಘವಯ್ಯ ಅಧ್ಯಕ್ಷನಾದ ಮಳೆಗಾಲದಿಂದ, ಅನ್ನ ಗೀರಿಗಿಂತ ಎರಡು ಬೆರಳು ಕೆಳಗೇ ನಿಂತಿತು. ಮೂಟೆಗಳ ಬಾಯಿ ಮಾತ್ರ ಸರ್ಕಾರಿ ಹೊಲಿಗೆಯ ಹಾಗೆಯೇ ಇರುತ್ತಿತ್ತು.

ಎರಡು ಬೆರಳೆಂದರೆ ಕೊನೆಯ ಸಾಲು. ಕೊನೆಯ ಸಾಲೆಂದರೆ ಪಲ್ಲೆಯ ಮಕ್ಕಳು. ಎತ್ತರದ ಪ್ರಕಾರ ಕೂರಿಸುತ್ತೇವೆ ಎಂದು ಮೇಷ್ಟರುಗಳು ಹೇಳುತ್ತಿದ್ದರು. ಆ ಎತ್ತರ ಯಾವುದೆಂದು ಮಕ್ಕಳಿಗೂ ಗೊತ್ತಿತ್ತು. ಒಂದು ದಿನ ಸುಲೋಚನ ಎಂಬ ಹುಡುಗಿ, ಸೌಟು ತನ್ನ ತನಕ ಬರುವುದಿಲ್ಲವೆಂದು ಕಂಡು, ಖಾಲಿ ತಟ್ಟೆಯನ್ನು ತಲೆಯ ಮೇಲೆ ಬೋರಲಿಟ್ಟುಕೊಂಡು ಪಕ್ಕದವರನ್ನು ನಗಿಸಿದಳು. ಮಕ್ಕಳೆಲ್ಲ ನಕ್ಕರು. ಮಾರ್ತಮ್ಮ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವಳ ಮಗಳು ಕರುಣ ಜ್ವರ ಬಂದು ತೀರಿಕೊಂಡಾಗ ಇದೇ ವಯಸ್ಸು, ಹನ್ನೊಂದು. ಅವಳ ತಟ್ಟೆ ಈಗಲೂ ಮನೆಯ ಗೂಡಿನಲ್ಲಿ ದೇವರ ಮಡಕೆಯ ಮೇಲೆ ಮುಚ್ಚಳವಾಗಿ ಇತ್ತು. ಅಂಚಿನಲ್ಲಿ ಚುಕ್ಕೆ ಚುಕ್ಕೆಯಾಗಿ ಕೊರೆಸಿದ ಹೆಸರು.

ಆ ಸಂಜೆ ಅವಳು ಮುಚ್ಚಳ ತೆಗೆದು ಮಡಕೆಯನ್ನು ಬಹಳ ಹೊತ್ತು ನೋಡಿದಳು. ಮಾರನೆಯ ದಿನದಿಂದ ತನ್ನ ಮನೆಯ ಹಿಡಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಶಾಲೆಗೆ ತಂದಳು. ಒಂದು ಹಿಡಿಗೆ ಹಂಡೆ ಏನು ಏರುತ್ತದೆ? ಇನ್ನೊಂದು ಮನೆ ಕೇಳಿದಳು, ಮತ್ತೊಂದು ಕೇಳಿದಳು. ಪಾಸ್ಟರಿಗೆ ಗೊತ್ತಾದರೆ ಬೇಸರಿಸಿಕೊಳ್ಳುತ್ತಾರೆಂದು ಒಬ್ಬೊಬ್ಬರಿಗೂ, ನೀನು ಕೊಡುವುದು ಯಾರಿಗೂ ಹೇಳಬೇಡ ಎಂದಿದ್ದಳು. ಹೀಗಾಗಿ ಕೊಡುವ ಪ್ರತಿಯೊಬ್ಬ ಹೆಂಗಸೂ ತಾನೊಬ್ಬಳೇ ಎಂದುಕೊಂಡಿದ್ದಳು. ತನ್ನ ಮನೆಯೂ ಸೇರಿ ಏಳು ಎಂಬುದು ಮಾರ್ತಮ್ಮನಿಗೆ ಮಾತ್ರ ಗೊತ್ತು.

ಮಾರ್ತಮ್ಮನಿಗೆ, ಮತ್ತು ಅವಳೇ ಹೇಳಿಕೊಂಡಿದ್ದ ಇನ್ನೊಬ್ಬರಿಗೆ. ಅಕ್ಕಿ ತೊಳೆಯುತ್ತಿದ್ದ ಕೈ ನಿಂತಿತು. ಕೋಟಮ್ಮನ ಕಡೆ ಬೆನ್ನು ಹಾಕಿ ಕೂತದ್ದಕ್ಕೆ ನಾಚಿಕೆಯಾಯಿತು.

ಅಂದು ಏಳು ಮನೆಯ ಅಕ್ಕಿ ಕಪಾಟಿನಲ್ಲಿತ್ತು. ಅನ್ನ ಎರಡು ಬೆರಳು ಕೆಳಗೆ ನಿಂತಿತು. ಮಾರ್ತಮ್ಮ ತಳದ ಸೀಕಲನ್ನು ಸಟ್ಟುಗದಿಂದ ಕೆರೆದಳು. ಒಂಬತ್ತು ತಟ್ಟೆ ಖಾಲಿ ಉಳಿದವು. ಕೋಟಮ್ಮ ಬಕೆಟ್ಟಿನ ಮೇಲೆ ಕೂತೇ ಆ ಒಂಬತ್ತನ್ನೂ ನೋಡಿದಳು.

ಸಂಜೆ ಮಾರ್ತಮ್ಮ ಪ್ರಾರ್ಥನಾ ಮಂದಿರಕ್ಕೆ ಹೋದಳು. ಪಾಸ್ಟರು ಇಸ್ರಾಯೇಲು ಒಬ್ಬರೇ ಕೂತು ಛತ್ರಿಯ ಕಡ್ಡಿಗೆ ದಾರ ಕಟ್ಟುತ್ತಿದ್ದರು. ಎರಡು ವರ್ಷದ ಹಿಂದೆ, ಮುಚ್ಚಿಡಲಾಗದೆ ತಾನೇ ಬಂದು, ಏಳು ಮನೆಯಿಂದ ಹೀಗೆ ಮಾಡುತ್ತಿದ್ದೇನೆ, ತಪ್ಪೇ ಎಂದು ಅವರನ್ನು ಕೇಳಿದ್ದಳು. ಅವರು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಪ್ರಾರ್ಥನೆ ಮಾಡಿ ಹೇಳುತ್ತೇನೆ ಎಂದಿದ್ದರು. ಆಮೇಲೆ ಎಂದೂ ಹೇಳಿರಲಿಲ್ಲ.

ಈಗ ಅವರು ಮೊದಲು ಅವಳ ಆರೋಗ್ಯ ವಿಚಾರಿಸಿದರು. ಊರಿನ ಗಾಳಿ ಸರಿಯಿಲ್ಲ, ಪಕ್ಕದ ಊರಲ್ಲಿ ಪ್ರಾರ್ಥನೆ ನಡೆಯುವಾಗ ಗೊತ್ತಿಲ್ಲದ ಇಬ್ಬರು ಬಂದು ಹಿಂದೆ ಕೂತಿದ್ದರು, ಹೋದ ಮೇಲೆ ಪೊಲೀಸರು ಬಂದರು ಎಂದರು. ಇಂಥ ಹೊತ್ತಿನಲ್ಲಿ ತಲೆ ತಗ್ಗಿಸಿದವರು ಉಳಿಯುತ್ತಾರೆ ಎಂದರು.

"ನಾಳೆ ಅವರು ಕೊಟ್ಟ ಕಾಗದಕ್ಕೆ ಸೈನ್ ಹಾಕಿಬಿಡು ತಾಯಿ. ಕಾಗದ ಕಾಗದವೇ. ದೇವರು ನೋಡೋದು ಹೃದಯ."

"ಹೃದಯದಾಗೆ ಇರೋದನ್ನ ಬಾಯಲ್ಲೂ ಒಪ್ಕೋಬೇಕು ಅಂತಲ್ವಾ ಅಯ್ಯಗಾರು ನೀವು ಭಾನುವಾರ ಹೇಳೋದು."

"ಅದು ಭಾನುವಾರ," ಎಂದರು ಪಾಸ್ಟರು.

ಗೋಡೆಯ ಮೂಲೆಯಲ್ಲಿ ಸಭೆಯ ಅಕ್ಕಿಯ ಡಬ್ಬ ಇತ್ತು. ಪಾಸ್ಟರು ಅದರ ಕಡೆ ನೋಡಿ, ತಮ್ಮ ಮನೆಯಲ್ಲೂ ಒಲೆ ಇದೆ, ಹೆಂಡತಿಗೆ ಸಕ್ಕರೆ ಕಾಯಿಲೆ, ಏಳು ಮನೆಯ ಹಿಡಿ ತಪ್ಪಿದರೆ ಯಾರಿಗೆ ತಪ್ಪಿದ ಹಾಗೆ ಎಂದು ಅವಳು ಯೋಚಿಸಲಿಲ್ಲ ಎಂದರು. ಆ ಅಕ್ಕಿ ಪೂರ್ತಿ ಶಾಲೆಗೇ ಹೋಗುತ್ತಿತ್ತೋ, ಅಥವಾ ಅರ್ಧ ದಾರಿಯಲ್ಲಿ ಬೇರೆ ಒಲೆಯನ್ನೂ ನೋಡುತ್ತಿತ್ತೋ ಎಂದು ಸಭೆಯಲ್ಲಿ ಕೆಲವರಿಗೆ ಅನುಮಾನವಿದೆ ಎಂದೂ ಸೇರಿಸಿದರು.

ಮಾರ್ತಮ್ಮನಿಗೆ ಗೇಟಿನಲ್ಲಿ ಬಾರದ ಅಳು ಇಲ್ಲಿ ಬಂತು. ನುಂಗಿಕೊಂಡಳು.

"ಏಳು ಮನೆ ಅಂತ ವೀರರಾಘವಯ್ಯ ದೊರೆಗೆ ಹ್ಯಾಗೆ ಗೊತ್ತಾಯ್ತು ಅಯ್ಯಗಾರು?"

ಪಾಸ್ಟರು ಮೇಲೆ ನೋಡಿದರು. ಮೇಲೆ ಹೊಸ ತಗಡಿನ ಮಾಡು. ಬಾಗಿಲ ಪಕ್ಕದ ಗೋಡೆಯಲ್ಲಿ, ತಗಡು ಕೊಟ್ಟ ವೀರರಾಘವಯ್ಯನ ಹೆಸರನ್ನು ನೀಲಿ ಬಣ್ಣದಲ್ಲಿ ಬರೆದಿದ್ದರು.

"ಅವರಾಗೇ ಕರೆದು ಕೇಳಿದ್ರು. ನಾನು ದೇವರ ಸೇವಕ, ಸುಳ್ಳು ಹೇಳೋಕಾಗುತ್ತಾ?"

"ಅವನಿಗೆ ಸುಳ್ಳು ಹೇಳೋಕೆ ನಿಮಗಾಗಲಿಲ್ಲ. ನಾಳೆ ನಾನು ಹೇಳ್ಬೇಕು."

ಪಾಸ್ಟರು ಛತ್ರಿಯನ್ನು ಬಿಡಿಸಿ ನೋಡಿದರು, ಮುಚ್ಚಿದರು. ಮಳೆ ಸುರಿದರೆ ಈ ನಲವತ್ತು ಮನೆಯವರು ಎಲ್ಲಿ ನಿಂತು ಪ್ರಾರ್ಥನೆ ಮಾಡುತ್ತಾರೆ ಎಂದು ಮೆಲ್ಲಗೆ ಕೇಳಿದರು. ಮಾರ್ತಮ್ಮ ವಂದನೆ ಹೇಳಿ ಎದ್ದಳು.

ಮನೆಯಲ್ಲಿ ಅವಳು ದೀಪ ಆರಿಸಿದ ಮೇಲೂ ಯೋಚಿಸಿದಳು. ಪಾಸ್ಟರು ಹೇಳಿದ್ದು ಪೂರ್ತಿ ಸುಳ್ಳೆಂದು ಅವಳಿಗೆ ಅನ್ನಿಸಲಿಲ್ಲ. ಐವತ್ತನಾಲ್ಕು ವರ್ಷದಿಂದ ಎರಡು ಹೆಸರಿನಲ್ಲಿ ಬದುಕಿದವಳು ಇನ್ನೊಂದು ಕಾಗದಕ್ಕೆ ಯಾಕೆ ಹೆದರಬೇಕು? ಕೆಲಸ ಹೋದರೆ ಹಂಡೆ ಯಾರ ಕೈಗೆ ಹೋಗುತ್ತದೆ? ಅವರಿಗೆ ಕೊನೆಯ ಸಾಲು ಕಾಣುತ್ತದೆಯೇ? ಬೆಳಗಾಗುವ ಹೊತ್ತಿಗೆ ಅವಳು ಸೈನ್ ಹಾಕುವುದೆಂದು ತೀರ್ಮಾನಿಸಿದ್ದಳು. ಆ ಪಾಪವನ್ನು ತಾನು ಹೊತ್ತುಕೊಳ್ಳುತ್ತೇನೆ ಎಂದು ದೇವರಿಗೆ ಹೇಳಿಯೂ ಇಟ್ಟಿದ್ದಳು.

ಅಧಿಕಾರಿ ಊಟದ ಹೊತ್ತಿಗೆ ಸರಿಯಾಗಿ ಬಂದರು. ಹೆಸರು ವೆಂಕಟರತ್ನಂ ಎಂದು ಹೆಡ್‌ಮಾಸ್ಟರ್ ಎರಡು ಸಲ ಹೇಳಿದರು. ನಲವತ್ತು ದಾಟಿದ, ಮೆಲುಮಾತಿನ ಮನುಷ್ಯ. ವಿಚಾರಣೆಗೆ ಮೊದಲು ಊಟದ ರುಚಿ ನೋಡಬೇಕೆಂಬ ನಿಯಮವಿತ್ತು. ಹೆಡ್‌ಮಾಸ್ಟರ ಕೋಣೆಯಲ್ಲಿ ಎಲೆ ಹಾಕಿದರು. ಮಾರ್ತಮ್ಮನೇ ಬಡಿಸಿದಳು, ಅನ್ನ, ಗೋಂಗೂರ ಸೊಪ್ಪು ಹಾಕಿದ ಬೇಳೆ, ಒಂದು ಮೊಟ್ಟೆ.

ಅಧಿಕಾರಿ ಅನ್ನ ಕಲೆಸಿದರು. ತುತ್ತು ಎತ್ತುವ ಮುನ್ನ ಅವರ ರೆಪ್ಪೆಗಳು ಒಮ್ಮೆ ಕೆಳಗಿಳಿದವು. ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು. ಆಮೇಲೆ ತಿಂದರು.

ಬೇರೆ ಯಾರಿಗೂ ಅದು ಕಾಣುವಂಥದ್ದಲ್ಲ. ಮಾರ್ತಮ್ಮನಿಗೆ ಸೌಟು ಕೈಯಲ್ಲೇ ನಿಂತಿತು. ಅವಳ ಅಪ್ಪ ಹಾಗೆ ಮಾಡುತ್ತಿದ್ದ. ಅವರಿವರ ಕಣದಲ್ಲಿ, ಊರವರ ಎದುರು ಕೂಲಿಯ ಊಟಕ್ಕೆ ಕೂತಾಗ ಹಾಗೆ ಮಾಡುತ್ತಿದ್ದ. ಹೊಟ್ಟೆಗೆ ಹೋಗುವುದಕ್ಕೆ ಮೊದಲು ಕೊಟ್ಟವನನ್ನು ನೆನೆಯುವ, ನೆನೆದದ್ದು ಯಾರಿಗೂ ಗೊತ್ತಾಗದಿರಲೆಂದು ಕಲಿತ ರೆಪ್ಪೆ ಅದು. ಅಧಿಕಾರಿ ತಲೆ ಎತ್ತಿದರು. ಅವಳು ನೋಡಿದ್ದನ್ನು ಅವರು ನೋಡಿದರು. ಅವರ ಕೈಯ ತುತ್ತು ಎಲೆಯ ಮೇಲೆ ಉದುರಿತು.

"ಏನೇ ಅದು, ಸಾಹೇಬರ ಮುಖ ಹಂಗೆ ನೋಡ್ತೀಯ?" ಎಂದ ವೀರರಾಘವಯ್ಯ.

ಅಧಿಕಾರಿಯ ಹಣೆಯ ಮೇಲೆ ಬೆವರು ಸಣ್ಣಗೆ ಮೂಡಿತು.

"ಉಪ್ಪು ಸರಿಹೋಯ್ತಾ ಅಂತ ನೋಡ್ತಿದ್ದೆ ದೊರೆ," ಎಂದಳು ಮಾರ್ತಮ್ಮ.

ಊಟವಾಯಿತು. ಹೆಡ್‌ಮಾಸ್ಟರ್ ಪೊಟ್ಟಣ ಬಿಚ್ಚಿ ಸಾಕ್ಷಿಯ ಅಕ್ಕಿ ತೋರಿಸಿದರು. ಅಧಿಕಾರಿ ಅದನ್ನು ಮುಟ್ಟಲಿಲ್ಲ.

"ನಾಗರತ್ನಂ ಅಂದ್ರೆ ಯಾರು?"

"ನಾನೇ ಸಾಹೇಬ್ರೆ."

"ಮಾರ್ತಮ್ಮ ಅಂದ್ರೆ?"

ಅವಳು ವೀರರಾಘವಯ್ಯನನ್ನು ನೋಡಿದಳು. "ಅದೂ ನಾನೇ."

ಅಧಿಕಾರಿ ಅದನ್ನು ಬರೆದುಕೊಳ್ಳಲಿಲ್ಲ. ಪೆನ್ನು ಕಾಗದದ ಮೇಲೆ ಹಾಗೆಯೇ ನಿಂತಿತು. ಊರಲ್ಲಿ ಕರೆಯುವ ಹೆಸರು ಬೇಡ, ತಯಾರಿರುವ ಕಾಗದ ಓದಿ ಎಂದರು. ಹೆಡ್‌ಮಾಸ್ಟರ್ ಓದಿದರು. ಗದ್ದಲ ನಾಗರತ್ನಂ ಎಂಬ ನಾನು ಬೇರೆ ಯಾವ ಮತವನ್ನೂ ಅನುಸರಿಸುತ್ತಿಲ್ಲ. ಅಡುಗೆಯ ಮೇಲೆ ಯಾವ ಪ್ರಾರ್ಥನೆಯನ್ನೂ ಮಾಡಿಲ್ಲ. ಶಾಲೆಗೆ ಬರುವ ಅಕ್ಕಿ ಎಂದೂ ಕಡಿಮೆ ಬಿದ್ದಿಲ್ಲ.

ವೀರರಾಘವಯ್ಯ ಕಿಟಕಿಯ ಕಡೆ ತಿರುಗಿ ಮೀಸೆ ಒರೆಸಿಕೊಂಡ.

"ಕೊನೇದು ಇನ್ನೊಂದ್ಸಲ ಓದಿ ಅಯ್ಯೋರೇ," ಎಂದಳು ಮಾರ್ತಮ್ಮ.

ಹೆಡ್‌ಮಾಸ್ಟರ್ ಓದಿದರು. ಈ ಸಲ ಧ್ವನಿ ತಗ್ಗಿತ್ತು.

"ಸೈನ್ ಹಾಕಮ್ಮ," ಎಂದರು ಅಧಿಕಾರಿ. ಕಾಗದವನ್ನು ಅವರೇ ಅವಳ ಕಡೆ ತಳ್ಳಿದರು. ಆಮೇಲೆ ಅವಳಿಗೆ ಮಾತ್ರ ಕೇಳುವ ಹಾಗೆ, "ಎಷ್ಟೋ ಜನ ಹಾಕಿದ್ದಾರೆ," ಎಂದರು.

ಮಾರ್ತಮ್ಮ ಪೆನ್ನು ತೆಗೆದುಕೊಂಡಳು. ನಾಗರತ್ನಂ ಎಂದು ಬರೆಯಲು ಅವಳ ಬೆರಳಿಗೆ ಅಭ್ಯಾಸವಿತ್ತು. ಕಾಗದವನ್ನು ನೋಡಿದಳು. ಪೆನ್ನನ್ನು ಅದರ ಮೇಲೆ ಅಡ್ಡ ಇಟ್ಟಳು.

"ಮೊದಲಿನ ಎರಡಕ್ಕೆ ನಾನು ಹಾಕ್ತಿದ್ದೆ ಸಾಹೇಬ್ರೆ. ಹಾಕ್ಬೇಕು ಅಂತಲೇ ಬಂದಿದ್ದೆ. ಅದು ನನಗೂ ನನ್ನ ದೇವರಿಗೂ ಬಿಟ್ಟಿದ್ದು, ನಾವು ಆಮೇಲೆ ಮಾತಾಡ್ಕೊಂತಿದ್ವಿ. ಮೂರನೇದು ಮಕ್ಕಳ ತಟ್ಟೆ."

ವೀರರಾಘವಯ್ಯ ಮೇಜಿಗೆ ಗುದ್ದಿದ. ಹೊಲಸು ತಿನ್ನೋ ಜಾತಿ, ಬೇವರ್ಸಿ ಲೌಡಿ, ಕೂತು ತಿನ್ನಲಿ ಅಂತ ಕೆಲಸ ಕೊಟ್ಟರೆ ನನಗೇ ಲೆಕ್ಕ ಹೇಳುತ್ತೀಯಾ ಎಂದ. ಇನ್ನೂ ಏನೇನೋ ಎಂದ. ಅವಳ ಸತ್ತ ಮಗಳನ್ನೂ ಬಿಡಲಿಲ್ಲ. ಇವಳ ಜಾತಿ ಕಾಗದ ರದ್ದು ಮಾಡಿಸದಿದ್ದರೆ ನನ್ನ ಹೆಸರಲ್ಲ, ನಾಳೆಯಿಂದ ಈ ಗೇಟಿನೊಳಗೆ ಕಾಲಿಟ್ಟರೆ ಆ ಕಾಲು ಇರುವುದಿಲ್ಲ ಎಂದ. ಹೆಡ್‌ಮಾಸ್ಟರ್ ಕಾಗದವನ್ನು ಎರಡು ಮಡಿಕೆ ಮಡಿಸಿ ಜೇಬಿಗಿಟ್ಟುಕೊಂಡರು.

ಸಾಹೇಬರು ಕೈ ತೊಳೆಯಲು ಹೊರಗೆ ಬರುತ್ತೀರಲ್ಲ, ಅಲ್ಲಿ ಒಂದು ಗಳಿಗೆ ನಿಂತು ನೋಡಿ ಎಂದಷ್ಟೇ ಮಾರ್ತಮ್ಮ ಕೇಳಿಕೊಂಡಳು.

ನಲ್ಲಿ ವರಾಂಡದ ಕೊನೆಯಲ್ಲಿತ್ತು. ಅಲ್ಲಿಂದ ಮಕ್ಕಳ ಕೊನೆಯ ಸಾಲು ಕಾಣುತ್ತದೆ. ಕೋಟಮ್ಮ ಹಂಡೆಯನ್ನು ವಾಲಿಸಿ ಕೆರೆಯುತ್ತಿದ್ದಳು. ಸಟ್ಟುಗ ತಗಡಿಗೆ ತಾಗುವ ಸದ್ದು ಬರುತ್ತಿತ್ತು. ಹತ್ತು ಮಕ್ಕಳು ಖಾಲಿ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಸುಲೋಚನ ತಟ್ಟೆಯಲ್ಲಿ ಮುಖ ನೋಡಿಕೊಳ್ಳುತ್ತಿದ್ದಳು. ಅಧಿಕಾರಿ ಕೈ ತೊಳೆದರು. ತೊಳೆದ ಕೈಯನ್ನೇ ಮತ್ತೆ ತೊಳೆದರು. ನಲ್ಲಿ ನಿಲ್ಲಿಸದೆ ಹೋಗಿ ಜೀಪು ಹತ್ತಿದರು.

ಮಾರನೆಯ ಬೆಳಿಗ್ಗೆ ಮಾರ್ತಮ್ಮ ಏಳು ಮನೆಯ ಬಾಗಿಲಿಗೂ ಹೋದಳು. ಒಂದು ಅವಳದೇ. ನಾಲ್ಕು ಮನೆಯವರು ಬಾಗಿಲಲ್ಲೇ ನಿಲ್ಲಿಸಿದರು. ಏಳು ಮನೆ ಇವೆಯೆಂದು ನಮಗೆ ಯಾಕೆ ಹೇಳಲಿಲ್ಲ ಎಂದು ಒಬ್ಬಳು ಕೇಳಿದಳು. ಗುಟ್ಟಾಗಿ ಕೇಳಿದವಳು ಗುಟ್ಟಾಗಿ ಏನೇನು ಮಾಡಿದ್ದೀಯೋ ಎಂದಳು. ಇನ್ನೊಬ್ಬಳು ನೇರವಾಗಿಯೇ ಹೇಳಿದಳು.

"ನಿನ್ನ ಕೆಲಸ ಹೋಯ್ತು. ನಮ್ಮ ಕಾರ್ಡೂ ಹೋಗ್ಲಾ ಅಕ್ಕ?"

ಎರಡು ಮನೆಯವರು ಕೊಟ್ಟರು. ಮುದುಕಿ ಸಾಲಮ್ಮ ಕಣ್ಣು ಕಾಣದೆ ತಡವರಿಸಿ, ಮಡಕೆಯನ್ನೇ ಬಗ್ಗಿಸಿ ಸೆರಗಿಗೆ ಸುರಿದಳು. ಮಾರ್ತಮ್ಮ ತನ್ನ ಮನೆಯ ಮಡಕೆಯನ್ನೂ ಬರಿದು ಮಾಡಿದಳು. ಪಾತ್ರೆ, ಸೌದೆ, ಮಗಳ ತಟ್ಟೆ ತೆಗೆದುಕೊಂಡು ಹೊರಟಳು.

ಶಾಲೆಯ ಗೇಟಿನ ಎದುರು ರಸ್ತೆ. ರಸ್ತೆಯ ಆ ಬದಿಯಲ್ಲಿ ಕಾಲುವೆಯ ದಿಣ್ಣೆ. ಗೇಟಿನೊಳಗೆ ಕಾಲಿಡಬೇಡ ಎಂದಿದ್ದರು. ಅವಳು ಇಡಲಿಲ್ಲ. ದಿಣ್ಣೆಯ ಮೇಲೆ ಮೂರು ಕಲ್ಲು ಹೂಡಿ, ಪಾತ್ರೆ ಇಟ್ಟು, ಕಾಲುವೆಯ ನೀರು ತಂದು ಸೋಸಿ ಹಾಕಿದಳು. ಅಕ್ಕಿ ತೊಳೆದಳು. ಒಲೆ ಹಚ್ಚುವ ಮುಂಚೆ ಸೆರಗನ್ನು ತಲೆಯ ಮೇಲೆ ಹೊದ್ದು ಪ್ರಾರ್ಥಿಸಿದಳು. ಮೂರು ದಿನದಿಂದ ಬಿಗಿಹಿಡಿದಿದ್ದ ತುಟಿ. ಮೊದಲಿಗೆ ಮಾತು ಸರಿಯಾಗಿ ಹೊರಡಲಿಲ್ಲ. ಆಮೇಲೆ ಹೊರಟಿತು. ರಸ್ತೆಯ ಆಚೆಗೂ ಕೇಳುವಷ್ಟು ಗಟ್ಟಿಯಾಗಿ ಹೊರಟಿತು. ಅಡುಗೆಮನೆಯ ಬಾಗಿಲಲ್ಲಿ ಕೋಟಮ್ಮ ನಿಂತು ಅವಳ ತುಟಿಯನ್ನೇ ನೋಡುತ್ತಿದ್ದಳು. ನೋಡೆಂದು ಇಂದು ಯಾರೂ ಅವಳಿಗೆ ಹೇಳಿರಲಿಲ್ಲ.

ಹೊಗೆ ಎದ್ದು ಶಾಲೆಯ ಅಂಗಳಕ್ಕೆ ಹೋಯಿತು. ಊಟದ ಗಂಟೆ ಹೊಡೆಯಿತು. ಮೊದಲ ಸಾಲು, ಎರಡನೆಯ ಸಾಲು ಕೂತವು. ಕೊನೆಯ ಸಾಲು ಕೂರಲಿಲ್ಲ. ಸುಲೋಚನ ಮುಂದೆ, ಉಳಿದವರು ಹಿಂದೆ, ತಟ್ಟೆ ಎದೆಗೆ ಅವಚಿಕೊಂಡು ಗೇಟಿನ ತನಕ ಬಂದರು. ಹೆಡ್‌ಮಾಸ್ಟರ್ ಓಡಿ ಬಂದು ಗೇಟಿಗೆ ಬೀಗ ಹಾಕಿದರು. ಮಕ್ಕಳು ಹಿಂದಕ್ಕೆ ಹೋಗಲಿಲ್ಲ. ಕಂಬಿಗಳ ನಡುವಿನಿಂದ ಒಂದು ತಟ್ಟೆ ಹೊರಗೆ ಬಂತು. ಆಮೇಲೆ ಇನ್ನೊಂದು.

ಊರ ಕಡೆಯಿಂದ ಬೈಕಿನ ಸದ್ದು ಹತ್ತಿರವಾಯಿತು. ದಿಣ್ಣೆಯ ಬಳಿಗೆ ಬಂದು ನಿಂತಿತು, ಇಂಜಿನ್ ಆರಲಿಲ್ಲ. ವೀರರಾಘವಯ್ಯನ ನೆರಳು ಪಾತ್ರೆಯ ಮೇಲೆ, ಅವಳ ಕೈಯ ಮೇಲೆ ಬಿತ್ತು.

ಮಾರ್ತಮ್ಮ ತಲೆ ಎತ್ತಲಿಲ್ಲ. ಮುಚ್ಚಿದ್ದ ಮಗಳ ತಟ್ಟೆಯನ್ನು ಸರಿಸಿ, ಒಂದು ಅಗುಳು ತೆಗೆದು, ಹೆಬ್ಬೆರಳಿನಿಂದ ಹಿಸುಕಿ ನೋಡಿದಳು. ಒಳಗೆ ಇನ್ನೂ ಬೇಯದ ಕಾಳು ಇತ್ತು. ಬಗ್ಗಿ ಸೌದೆಯನ್ನು ಮುಂದಕ್ಕೆ ತಳ್ಳಿದಳು.